ಬೆಳವ ಹೊಕ್ಕ ಮನೆ

೧೯೯೭ರ ಆಷಾಢದ ಕೊನೆ. ನಾಗರ ಪಂಚಮಿಗೆ ಇನ್ನೂ ಎಂಟು ದಿನ ಇತ್ತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುತ್ತಾನೆ. ತವರಿನಲ್ಲಿ ಜೋಕಾಲಿ ಜೀಕಿ, ಉಂಡಿ ತಿಂದು, ನಾಲ್ಕು ದಿನ ಯಾರ ಮಾತೂ ಕೇಳದೆ ಇದ್ದು ಬರುವುದು. ಮದುವೆಯಾದ ಹುಡುಗಿ ಪಂಚಮಿಗೆ ತವರಿಗೆ ಹೋಗಲಿಲ್ಲ ಎಂದರೆ ಒಂದೋ ಸೂತಕ ಇರಬೇಕು, ಇಲ್ಲವೇ ತವರಿನವರು ಅವಳನ್ನು ಮರೆತಿರಬೇಕು. ಆ ವರ್ಷ ನನಗೆ ಎರಡೂ ಇರಲಿಲ್ಲ. ಕರೆಯಲು ಬಂದ ಅಣ್ಣನನ್ನು ನಾನೇ ಬಾಗಿಲಿನಿಂದ ಹಿಂದಕ್ಕೆ ಕಳಿಸಿದೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಇದನ್ನು ಇವತ್ತಿಗೂ ಆಡಿಕೊಳ್ಳುವವರು ಇದ್ದಾರೆ. ಆಡಿಕೊಳ್ಳಲಿ. ಆದರೆ ಅವರು ಹೇಳುವುದರಲ್ಲಿ ಅರ್ಧ ತಪ್ಪಿರುತ್ತದೆ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನನ್ನ ತವರು ರಾಮದುರ್ಗ. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಮದುವೆ ಗೊತ್ತಾಯಿತು. ಓದು ಅಲ್ಲಿಗೆ ನಿಂತಿತು. ಕಾಲೇಜಿನಲ್ಲಿ ನನಗೆ ಬಹಳ ಹಿಡಿಸಿದ್ದು ಪ್ರಾಣಿಶಾಸ್ತ್ರ, ಅದಕ್ಕಿಂತ ಹೆಚ್ಚು ಹಿಡಿಸಿದ್ದು ಲೈಬ್ರರಿಯ ಒಂದು ದಪ್ಪ ಹಕ್ಕಿ ಪುಸ್ತಕ. ಅದನ್ನು ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ನೋಡಬೇಕಿತ್ತು. ಒಂದು ದಿನ ಅದರಲ್ಲಿ ಕೋಳಿಗಿಂತ ದೊಡ್ಡದಾದ ಒಂದು ನೀಲಿ ಹಕ್ಕಿ ಕಂಡಿತು. ತಲೆಯ ಮೇಲೆ ಜಾಲರಿ ಹೆಣೆದಂಥ ತುರಾಯಿ. ಕೆಳಗೆ, ಇದು ಪಾರಿವಾಳ ಎಂದು ಬರೆದಿತ್ತು. ಇದು ಪಾರಿವಾಳವಾದರೆ ಇಷ್ಟು ವರ್ಷ ನಾವು ನೋಡಿದ್ದೇನು ಎಂದು ನನಗೆ ಒಂಥರಾ ಸಿಟ್ಟೇ ಬಂತು. ಅವತ್ತಿನಿಂದ ಪಾರಿವಾಳ, ಬೆಳವಗಳ ಪುಟಗಳನ್ನೇ ಹಿಡಿದು ಕೂತೆ. ಎರಡೂ ಒಂದೇ ಮನೆತನದವು, ಲೋಕದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯವು ಇವೆ ಎಂದು ಅಲ್ಲಿಯೇ ಓದಿದೆ. ಗಿಣಿಯಂತೆ ಹಸಿರು ಇದ್ದವು, ಎದೆಯ ಮೇಲೆ ರಕ್ತದ ಕಲೆಯಂತೆ ಕೆಂಪು ಇದ್ದವು, ಗುಬ್ಬಿಗಿಂತ ತುಸುವೇ ದೊಡ್ಡವು. ನೂರು ಪುಟದ ಒಂದು ವಹಿ ತಂದು, ಬಣ್ಣದ ಪೆನ್ಸಿಲ್‌ನಿಂದ ಒಂದೊಂದರ ಚಿತ್ರ ಬರೆದುಕೊಂಡೆ. ಮದುವೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಆ ವಹಿಯೂ ಬೈಲಹೊಂಗಲಕ್ಕೆ ಬಂತು.

ನಮ್ಮ ಮನೆಯಲ್ಲಿ ಮೂರೇ ಜನ. ನಾನು, ನನ್ನ ಗಂಡ ಶಿವಾನಂದ, ಅತ್ತೆ ನೀಲವ್ವ. ಇವರು, ಅಂದರೆ ಗಂಡ, ಮಾರ್ಕೆಟ್ ಯಾರ್ಡಿನ ಹತ್ತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಮಾವ ತೀರಿಕೊಂಡಾಗ ಇವರಿಗೆ ಆರು ವರ್ಷವಂತೆ. ಅಲ್ಲಿಂದ ಮನೆ ನಿಂತದ್ದು ಅತ್ತೆಯ ಕೈಯಲ್ಲಿ. ನಿಂತದ್ದು ಅಂದರೆ ನಿಜವಾಗಿಯೂ ಕೈಯಲ್ಲೇ. ಮಣ್ಣಿನ ಮಾಳಿಗೆ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅತ್ತೆ ತಾವೇ ಮೇಲೆ ಹತ್ತಿ ಮಣ್ಣು ಹಾಕಿ ತುಳಿಯುತ್ತಿದ್ದರು. ಆ ಮನೆಯ ಒಂದು ಗೋಡೆಗೆ ಯಾರಾದರೂ ಕಾಲು ತಾಗಿಸಿ ಕೂತರೂ ಅವರಿಗೆ ಆಗುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ ಮುಂದೆ ಅವರು ಮಾಡಿದ್ದು ಕೆಟ್ಟತನದಿಂದ ಮಾಡಿದ್ದಲ್ಲ.

ಪಡಸಾಲೆಯಲ್ಲಿ ಬೆಳಕಿಂಡಿಯ ಹತ್ತಿರವೇ ಕರೆಂಟಿನ ಮೀಟರ್ ಪೆಟ್ಟಿಗೆ ಇತ್ತು. ಒಂದು ಮುಂಜಾನೆ ಕಸ ಗುಡಿಸುವಾಗ ಅದರ ಕೆಳಗೆ ಕಸಬರಿಗೆಯ ಕಡ್ಡಿಗಳು ಬಿದ್ದಿದ್ದವು. ತಲೆಯೆತ್ತಿ ನೋಡಿದರೆ ಪೆಟ್ಟಿಗೆಯ ಮೇಲೆ ಹತ್ತಿಪ್ಪತ್ತು ಕಡ್ಡಿಗಳ ಒಂದು ಗೂಡು, ಅದರಲ್ಲಿ ಕಂದು ಬಣ್ಣದ ಒಂದು ಬೆಳವ. ಕುತ್ತಿಗೆಯ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ. ಬೆಳವಗಳು ಗೂಡು ಕಟ್ಟುವುದರಲ್ಲಿ ಬಹಳ ಸೋಮಾರಿಗಳು. ಕೆಳಗೆ ನಿಂತರೆ ಕಡ್ಡಿಗಳ ಸಂದಿಯಲ್ಲಿ ಎರಡು ಬಿಳಿ ತತ್ತಿ ಕಾಣುತ್ತಿದ್ದವು. ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕು ಎಂದಲ್ಲ. ಆ ಮನೆಗೆ ಬಂದ ಒಂದು ವರ್ಷದಲ್ಲಿ ನನ್ನದು ಎಂದು ಸಿಕ್ಕ ಮೊದಲ ವಸ್ತು ಅದು, ಸ್ವಲ್ಪ ದಿನ ಒಬ್ಬಳೇ ಇಟ್ಟುಕೊಳ್ಳೋಣ ಅನ್ನಿಸಿತ್ತು.

ನಾಲ್ಕನೇ ದಿನ ಅತ್ತೆ ಕಂಡರು. ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟರು. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ನಾನು ಹಿಂದೆಯೇ ಹೋದೆ.

"ಒಲಿ ಆರಿಸು," ಅಂದರು. "ಬೆಳವ ಹೊಕ್ಕ ಮನಿಯೊಳಗ ಒಲಿ ಹಚ್ಚಬಾರದು."

ಅವತ್ತು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿದೆವು. ರಾತ್ರಿ ಹಿತ್ತಲಿನ ತಗಡಿನ ಕೆಳಗೇ ಮಲಗಿದೆವು. ಬೆಳವ ಮನೆ ಹೊಕ್ಕರೆ ಆ ಮನೆ ಹಾಳಾಗುತ್ತದೆ ಎಂದು ನಾನೂ ಕೇಳಿದ್ದೆ, ಇಲ್ಲ ಎಂದಲ್ಲ. ಆದರೆ ಅದು ಅಜ್ಜಿಯರ ಮಾತು ಎಂದುಕೊಂಡಿದ್ದೆ. ನನ್ನ ಅತ್ತೆ ಹಾಗೆ ಅಂದುಕೊಂಡಿರಲಿಲ್ಲ. ಬೆಳಗಾಗುತ್ತಿದ್ದಂತೆ ಅಯ್ಯನವರಿಗೆ ಹೇಳಿ ಕಳಿಸಿದರು.

ಅಯ್ಯನವರು ನಮ್ಮ ಮನೆತನದ ಒಳ್ಳೆಯದು ಕೆಟ್ಟದ್ದೆಲ್ಲ ನೋಡುವ ವಯಸ್ಸಾದವರು. ಒಳಗೆ ಕಾಲಿಡದೆ ಬಾಗಿಲಿನಿಂದಲೇ ಬಗ್ಗಿ ನೋಡಿದರು. ಕಟ್ಟೆಯ ಮೇಲೆ ಕೂತು ಪಂಚಾಂಗ ಬಿಚ್ಚಿದರು.

"ತತ್ತಿ ತಗದು ಒಗೀಬ್ಯಾಡ್ರಿ. ಶ್ರಾವಣದಾಗ ಅದರ ಪಾಪ ಬ್ಯಾರೆ ಸುತ್ತಗೋತೈತಿ," ಅಂದರು. ಆಮೇಲೆ ಕೇಳಿದರು, "ಮೊದಲ ಯಾರು ನೋಡಿದ್ರಿ?"

"ನಾನರಿ, ನಿನ್ನೆ," ಅಂದರು ಅತ್ತೆ.

ಅಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಕ್ಲಾಸಿನಲ್ಲಿ ಕೈಯೆತ್ತುವ ಹುಡುಗಿಯಂತೆ ಮುಂದೆ ಬಂದೆ. "ಇಲ್ಲರಿ ಅಯ್ಯನವರ, ನಾ ಅದಕ್ಕಿಂತ ಮೂರು ದಿನ ಮೊದಲ ನೋಡೇನಿ. ಎರಡು ತತ್ತಿ ಅದಾವು. ಒಂದಲ್ಲ, ಜೋಡಿ ಹಕ್ಕಿ ಅವು, ಪಾಳಿ ಮ್ಯಾಲೆ ಕುಂದರತಾವು."

ಅಯ್ಯನವರು ನನ್ನ ಮುಖ ನೋಡಿದರು. ಆಮೇಲೆ ಅತ್ತೆಗೆ ನಿಧಾನವಾಗಿ ಹೇಳಿದರು. ಬೆಳವ ಹೊಕ್ಕರೆ ಇಡೀ ಮನೆಯವರು ಮೂರು ತಿಂಗಳು ಮನೆ ಬಿಡಬೇಕು. ಆದರೆ ಅದನ್ನು ಮೊದಲು ಕಂಡವರು ಯಾರೆಂದು ಗೊತ್ತಿದ್ದರೆ ಅವರೊಬ್ಬರು ಬಿಟ್ಟರೆ ಸಾಕು, ಉಳಿದವರು ಶಾಂತಿ ಮಾಡಿಸಿ ಒಳಗಿರಬಹುದು. ದೋಷ ಮೊದಲು ಕಂಡವರ ಬೆನ್ನು ಹತ್ತಿ ಹೋಗುತ್ತದೆ.

"ಮತ್ತ ಚಿಂತಿ ಯಾಕ? ಪಂಚಮಿ ಬಂದೈತಿ," ಅಂದರು. "ಹೆಂಗೂ ತವರಿಗೆ ಹೋಗಾಕಿ. ನಾಕು ದಿನದ ಬದಲು ದೀಪಾವಳಿ ತನಕ ಇರಲಿ. ಮಂದಿಗೂ ಗೊತ್ತಾಗೂದಿಲ್ಲ."

ಅತ್ತೆಯ ಮುಖ ಸಡಿಲಾಯಿತು. ನನಗೆ ಒಬ್ಬಳು ನೆನಪಾದಳು. ರಾಮದುರ್ಗದಲ್ಲಿ ನಮ್ಮ ತವರಿನ ಎದುರು ಮನೆಯಲ್ಲಿ ಕಾಶವ್ವ ಎಂಬುವಳಿದ್ದಳು. ಅವಳನ್ನೂ ಏನೋ ದೋಷವಿದೆ, ಮೂರು ತಿಂಗಳು ಇದ್ದು ಬರಲಿ ಎಂದು ಗಂಡನ ಮನೆಯವರು ಕಳಿಸಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಬಂದವಳು ನನ್ನ ಮದುವೆಯಲ್ಲಿ ಶಾವಿಗೆ ಬಡಿಸುತ್ತಿದ್ದಳು. ಆ ಮೂರು ತಿಂಗಳು ಇನ್ನೂ ಮುಗಿದಿರಲಿಲ್ಲ. ದೋಷ ಹೊತ್ತು ತವರಿಗೆ ಹೋದವಳಿಗೆ ತಿರುಗಿ ಬರುವ ದಾರಿಯನ್ನು ಯಾರೂ ಹೇಳುವುದಿಲ್ಲ. ಕರೆಯುವುದು ನಾಳೆಗೆ ನಾಳೆಗೆ ಎಂದು ಹೋಗುತ್ತದೆ, ಆ ಮನೆಯಲ್ಲಿ ಯಾರಿಗಾದರೂ ತಲೆನೋವು ಬಂದರೂ ಅದು ಅವಳ ಲೆಕ್ಕಕ್ಕೇ ಬೀಳುತ್ತದೆ.

ಸಂಜೆ ಇವರು ಪಕ್ಕದ ಮನೆಯ ದಸ್ತಗೀರ ಚಾಚಾನ ಹತ್ತಿರ ಹೋದರು. ಚಾಚಾ ಟೆಂಪೋ ಓಡಿಸುವವರು, ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದರು. ಬಾಲ ಬೀಸಣಿಗೆಯಂತೆ ಬಿಚ್ಚುವ ಲಕ್ಕಾ, ಗಾಳಿಯಲ್ಲಿ ಲಾಗ ಹಾಕುವ ಗಿರಿಬಾಜ, ಇನ್ನೂ ಏನೇನೋ. ಇವರಿಬ್ಬರೂ ಕೂತು ಏನು ಮಾತಾಡಿಕೊಂಡರೋ, ಮರುದಿನ ಅಯ್ಯನವರು ಶಾಂತಿಯ ಸಾಮಾನು ಬರೆಸಲು ಬಂದಾಗ ಚಾಚಾ ಕೈಕಟ್ಟಿಕೊಂಡು ಬಂದು ನಿಂತರು.

"ಅಯ್ಯನವರ, ಅದು ಬೆಳವ ಅಲ್ಲರಿ. ನಂದ ಕಬೂತರ. ಸಣ್ಣ ಜಾತೀದು. ತಪ್ಪಿಸಿಕೊಂಡು ಬಂದು ಇಲ್ಲಿ ಕುಂತೈತಿ. ಇವತ್ತ ಒಯ್ತೇನಿ, ತತ್ತಿನೂ ನನ್ನ ಗೂಡಿನಾಗ ಇಡತೇನಿ."

ಪಾರಿವಾಳಕ್ಕೆ ನಮ್ಮಲ್ಲಿ ಯಾವ ದೋಷವೂ ಇಲ್ಲ. ಗುಡಿಯ ಶಿಖರದಲ್ಲೂ ಇರುತ್ತದೆ, ದರ್ಗಾದ ಗುಮ್ಮಟದಲ್ಲೂ ಇರುತ್ತದೆ. ಅಯ್ಯನವರಿಗೂ ಒಬ್ಬ ಹುಡುಗಿಯನ್ನು ಮನೆ ಬಿಡಿಸುವ ಆಸೆಯೇನೂ ಇರಲಿಲ್ಲ. "ಪಾರಿವಾಳ ಆದರ ಏನೂ ಅಡ್ಡಿ ಇಲ್ಲ ಬಿಡ್ರಿ," ಅಂದರು. ಅತ್ತೆ ಚಾಚಾನನ್ನು ನೋಡಿದರು, ಮಗನನ್ನು ನೋಡಿದರು, ಕಡೆಗೆ ನನ್ನ ಕಡೆ ತಿರುಗಿದರು. "ಮೊದಲ ನೋಡಿದಾಕಿ ನೀನು. ನೀ ಹೇಳು. ಪಾರಿವಾಳನೋ, ಬೆಳವನೋ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥ ಉಪಾಯ. ಇವರು ಹಿಂದೆ ನಿಂತು ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಿನಲ್ಲೇ ಹೇಳುತ್ತಿದ್ದರು. ಒಂದು ಅಕ್ಷರ ಸಾಕಿತ್ತು. ಆದರೆ ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದು ಪಾರಿವಾಳ, ಅದಕ್ಕೇ ನನ್ನ ತಪ್ಪಿಲ್ಲ ಎಂದು ಒಪ್ಪಿದರೆ, ಬೆಳವವಾಗಿದ್ದರೆ ನನ್ನ ತಪ್ಪು ಎಂದು ಒಪ್ಪಿದ ಹಾಗಾಯಿತಲ್ಲ. ನಾಳೆ ಬೇರೆ ಏನೋ ಬರುತ್ತದೆ. ಗೂಗೆ ಬರಬಹುದು, ಹಾವು ಬರಬಹುದು. ಪ್ರತಿ ಸಲ ಚಾಚಾ ಬಂದು ಸುಳ್ಳು ಹೇಳಬೇಕೇ? ಪಾಪ, ಆ ಹಕ್ಕಿಯ ಗೂಡು ಬೇರೆ ಕಿತ್ತು ಹೋಗುತ್ತದೆ.

"ಬೆಳವನ ಅದು," ಅಂದೆ. "ಚಾಚಾ ನನ್ನ ಸಲವಾಗಿ ಸುಳ್ಳು ಹೇಳಾಕತ್ತಾರ."

ಚಾಚಾ ತಲೆ ಕೆಳಗೆ ಹಾಕಿದರು. ಇವರು ಅಲ್ಲಿಂದ ಹೊರಟೇ ಹೋದರು. ನಾನು ಒಳಗೆ ಓಡಿ ಟ್ರಂಕಿನಿಂದ ವಹಿ ತಂದು ಅಯ್ಯನವರ ಮುಂದೆ ಬಿಚ್ಚಿದೆ. "ನೋಡ್ರಿ, ಪಾರಿವಾಳ, ಬೆಳವ ಎಲ್ಲಾ ಒಂದ ಮನೆತನ. ಮುನ್ನೂರಕ್ಕಿಂತ ಹೆಚ್ಚು ಜಾತಿ ಅದಾವು. ನಮ್ಮ ಊರಾಗ ನಾವು ಬೆಳವ ಅಂತ ಒಂದ ಹೆಸರು ಇಟ್ಟೇವಿ, ಅದರಾಗ ನಾಕು ಥರಾ ಅದಾವು. ಇವುಗಳಾಗ ಮನಿ ಹಾಳು ಮಾಡೂದು ಯಾವುದು? ಬಟ್ಟು ಇಟ್ಟು ತೋರಸ್ರಿ."

"ಪುಸ್ತಕದಾಗ ಬರದಿದ್ದೆಲ್ಲಾ ಖರೇ ಇರತೈತೇನು ತಂಗಿ?"

"ಪಂಚಾಂಗನೂ ಪುಸ್ತಕನ ಅಲ್ಲೇನ್ರಿ ಅಯ್ಯನವರ?"

ಈಗ ನೆನೆದರೆ ಆ ಮಾತು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ಸ್ವಲ್ಪವೇ. ಅಯ್ಯನವರು ಪಂಚಾಂಗ ಮಡಚಿ ಬಗಲಿಗಿಟ್ಟುಕೊಂಡು, ಒಂದು ಲೋಟ ನೀರನ್ನೂ ಕುಡಿಯದೆ ಹೋದರು. ಅತ್ತೆ ಒಂದೇ ಮಾತು ಹೇಳಿದರು. "ಅಣ್ಣ ಬರಲಿ. ಅವನ ಸಂಗಡ ಹೋಗು."

ಆಮೇಲಿನ ದಿನಗಳಲ್ಲಿ ಅತ್ತೆ ನನ್ನ ಹತ್ತಿರ ತುಟಿ ಪಿಟಕ್ ಎನ್ನಲಿಲ್ಲ. ಹಿತ್ತಲಿನಲ್ಲಿ ಅಡಿಗೆ, ಹಿತ್ತಲಿನಲ್ಲಿ ಊಟ. ಹಬ್ಬದ ಹಿಂದಿನ ದಿನ ಅಣ್ಣ ಸವದತ್ತಿಯಲ್ಲಿ ಬಸ್ಸು ಬದಲಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಬಂದ. ಕೈಯಲ್ಲಿ ಅವ್ವ ಕಳಿಸಿದ ಶೇಂಗಾ ಉಂಡಿಯ ಡಬ್ಬಿ, ಒಂದು ಇಳಕಲ್ ಸೀರೆ. ಬಾಗಿಲಲ್ಲಿ ನನ್ನ ಟ್ರಂಕು ಆಗಲೇ ಸಿದ್ಧವಾಗಿತ್ತು. ಪಂಚಮಿಗೆ ಹೋಗುವ ಹುಡುಗಿಗೆ ಇಷ್ಟು ದೊಡ್ಡ ಟ್ರಂಕು ಯಾಕೆ ಎಂದು ಅಣ್ಣನಿಗೆ ಹೊಳೆಯಲಿಲ್ಲ, ಗಂಡಸರಿಗೆ ಇಂಥವು ಹೊಳೆಯುವುದು ಕಡಿಮೆ.

ನಾನು ಪಡಸಾಲೆಗೆ ಹೋಗಿ ಮೀಟರ್ ಪೆಟ್ಟಿಗೆಯ ಕೆಳಗೆ ಕೂತೆ. ಅಲ್ಲಿಂದಲೇ ಹೇಳಿದೆ. "ಅಣ್ಣಾ, ಈ ವರ್ಷ ನಾ ಬರೂದಿಲ್ಲ. ಅವ್ವಗ ಹೇಳು, ಆರಾಮ ಅದೇನಿ."

"ಹುಚ್ಚೀ ಏನ ನೀ? ಪಂಚಮಿಗೆ ತವರಿಗೆ ಒಲ್ಲೆ ಅಂದಾಕೀನ ನಾ ಎಲ್ಲೂ ಕಂಡಿಲ್ಲ. ಜೋಕಾಲಿ ಕಟ್ಟಿ ಬಂದೇನಿ."

"ನಾಕು ದಿನಕ್ಕ ಕರದಿದ್ರ ಓಡಿ ಬರತಿದ್ದೆ. ಇವರು ನನ್ನ ಮೂರು ತಿಂಗಳಿಗೆ ಕಳಸಾಕ ಹತ್ತಾರ. ಕಾಶವ್ವನ್ನ ನೆನಪು ಮಾಡಿಕೋ."

ಅಣ್ಣನಿಗೆ ಆಗ ಟ್ರಂಕು ಕಂಡಿತು. ಅತ್ತೆಯನ್ನು ಏನೋ ಕೇಳಲು ಹೋದ, ಅವರು ಕೈ ಅಡ್ಡ ಹಿಡಿದರು. "ನಿನ್ನ ತಂಗಿ ಮನಿ ಬಿಡೂದಿಲ್ಲ ಅಂದ ಮ್ಯಾಲೆ ನಾವು ಬಿಡಬೇಕಲ್ಲ. ಹಾಳಾಗೂ ಮನಿಯಾಗ ನಾ ಕೂಡಾಂಗಿಲ್ಲ." ಅರ್ಧ ಗಂಟೆಯಲ್ಲಿ ಒಂದು ಗಂಟು ಕಟ್ಟಿಕೊಂಡು, ಮಗನನ್ನು ಕರೆದುಕೊಂಡು, ದೊಡವಾಡದಲ್ಲಿದ್ದ ತಮ್ಮ ತಂಗಿಯ ಮನೆಗೆ ಹೊರಟರು. ಹೋಗುವಾಗ ಒಮ್ಮೆ ತಿರುಗಿ ನೋಡಿದರು. ನನ್ನನ್ನಲ್ಲ, ಮನೆಯ ಗೋಡೆಯನ್ನು. ನಾನು ಆಗ ಅತ್ತುಬಿಡುತ್ತಿದ್ದೆ, ಆದರೆ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಅಣ್ಣ ಉಂಡಿಯ ಡಬ್ಬಿ, ಸೀರೆ ಹೊಸ್ತಿಲಲ್ಲಿಟ್ಟು ಕೆಳಗೆ ನೋಡುತ್ತಾ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಎಲ್ಲರೂ ಹೋದ ಮೇಲೆ ಒಳಗಿನ ಒಲೆ ಹಚ್ಚಿದೆ. ರೊಟ್ಟಿ ಬಡಿದೆ. ಓಣಿಗೆಲ್ಲ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಬಡಿದೆ. ಮೇಲೆ ಬೆಳವ ಒಂದು ಸಲ ಕಣ್ಣು ಪಿಳುಕಿಸಿ ತನ್ನ ಪಾಡಿಗೆ ಕೂತಿತು.

ಸಂಜೆ ಇವರು ತಾಯಿಯನ್ನು ಬಿಟ್ಟು ವಾಪಸ್ ಬಂದರು. ಆದರೆ ಒಳಗೆ ಬರಲಿಲ್ಲ. ತಾಯಿಗೆ ಹೊಸ್ತಿಲು ದಾಟುವುದಿಲ್ಲ ಎಂದು ಮಾತು ಕೊಟ್ಟಿದ್ದರಂತೆ. ನನ್ನನ್ನು ಒಬ್ಬಳನ್ನೇ ಬಿಡುವ ಮನಸ್ಸೂ ಇರಲಿಲ್ಲ. ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡರು. ನಾನು ಮಾಡಿದ ರೊಟ್ಟಿಯನ್ನು ಅಲ್ಲಿಯೇ ತಿಂದರು. ಅಂಗಡಿಗೂ ಅಲ್ಲಿಂದಲೇ ಹೋಗಿ ಬಂದರು. ಒಳಗೆ ನಾನು, ಹೊರಗೆ ಗಂಡ. ಪಂಚಮಿಯ ದಿನ ಓಣಿಯ ಹುಡುಗಿಯರು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಜೀಕುವುದು ನೋಡುತ್ತಾ ನಾವಿಬ್ಬರೂ ಹೊಸ್ತಿಲಿನ ಆಚೆ ಈಚೆ ಕೂತು ಅವ್ವನ ಉಂಡಿ ತಿಂದೆವು.

"ರೀ, ಹಗಲೆಲ್ಲಾ ತತ್ತಿ ಮ್ಯಾಲೆ ಕುಂದರೂದು ಗಂಡಹಕ್ಕಿ, ಗೊತ್ತೈತೇನ್ರಿ? ಸಂಜಿಕ ಹೆಣ್ಣು ಬಂದ ಮ್ಯಾಲೆ ಏಳತೈತಿ," ಅಂದೆ.

"ಅದಕ್ಕ ನಾ ಏನ್ ಮಾಡ್ಲಿ?"

"ಏನಿಲ್ಲರಿ. ಅದು ಒಳಗ ಕುಂತೈತಿ, ನೀವು ಕಟ್ಟಿ ಮ್ಯಾಲೆ ಕುಂತೀರಿ. ಅಷ್ಟ."

ಇವರು ಉಂಡಿಯನ್ನು ಬಾಯಿಗೆ ತುರುಕಿಕೊಂಡು ಆಚೆ ಮುಖ ಮಾಡಿದರು.

ಚಾಚಾಗೆ ನನ್ನ ಮೇಲೆ ಎರಡು ದಿನ ಸಿಟ್ಟಿತ್ತು. ಮೂರನೇ ದಿನ ಅವರೇ ಬಂದು, ಅಷ್ಟು ಜಾತಿ ಜಾತಿ ಅಂತ ಹೇಳತೀಯಲ್ಲ ಬೇಟಿ, ನನ್ನ ಹತ್ತರನ ಹನ್ನೊಂದು ಜಾತಿ ಅದಾವು ನೋಡು ಎಂದು ಮಾಳಿಗೆಯ ಕಡೆ ಕೈ ತೋರಿಸಿದರು. ಲಕ್ಕಾ, ಗಿರಿಬಾಜ, ಶಿರಾಜಿ, ಹೋಮರ್ ಎಲ್ಲ ಒಂದೇ ಜಾತಿ, ಬಾವಿಯ ಗೋಡೆಯಲ್ಲಿ ಇರುವ ಕಾಡು ಪಾರಿವಾಳದ ಮಕ್ಕಳು, ಮನುಷ್ಯರು ಬೇಕಾದಂತೆ ಬೆಳೆಸಿಕೊಂಡದ್ದು ಎಂದು ನಾನು ಹೇಳಿದಾಗ ಅವರಿಗೆ ನಂಬಿಕೆಯಾಗಲಿಲ್ಲ. "ನಾವು ಹನ್ನೊಂದು ಅಂದಿದ್ದು ಒಂದು, ಒಂದು ಅಂದಿದ್ದು ನಾಕು. ಎಲ್ಲಾ ಉಲ್ಟಾನ ಐತಿ ನಿನ್ನ ವಹಿಯಾಗ," ಅಂದರು. ಉಳಿದ ಬೆಳವಗಳನ್ನು ಬಾಗಿಲಿನಿಂದಲೇ ತೋರಿಸಿದೆ. ಕರೆಂಟಿನ ತಂತಿಯ ಮೇಲೆ ಕುತ್ತಿಗೆಗೆ ಕಪ್ಪು ಗೆರೆ ಎಳೆದುಕೊಂಡ ಬೂದು ಬಣ್ಣದ್ದು ಕೂತಿತ್ತು. ಹಿತ್ತಲಿನ ನುಗ್ಗೆಯಲ್ಲಿ ರೆಕ್ಕೆಯ ತುಂಬ ಚುಕ್ಕೆಯದು ಗುಟುಗುಡುತ್ತಿತ್ತು. ಇಟ್ಟಿಗೆ ಬಣ್ಣದ್ದು ಬೇಕಾದರೆ ಹೊಲದ ಕಡೆ ಹೋಗಬೇಕು ಅಂದೆ. ಚಾಚಾ ಬಹಳ ಹೊತ್ತು ತಂತಿಯನ್ನೇ ನೋಡಿದರು. ಮುಂದಿನ ವಾರ ಕಿತ್ತೂರಿಗೆ ಬಾಡಿಗೆ ಹೋಗಿ ಬಂದವರು, ದಾರಿಯ ಆಲದ ಮರದಲ್ಲಿ ಹಸಿರು ಮೈ, ಹಳದಿ ಕಾಲಿನ ಪಾರಿವಾಳದ ಒಂದು ಹಿಂಡೇ ಇತ್ತು, ಇಪ್ಪತ್ತು ವರ್ಷ ಅದೇ ಮರದ ಕೆಳಗೆ ಟೆಂಪೋ ನಿಲ್ಲಿಸಿದ್ದೇನೆ, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ ಎಂದು ಬೇಜಾರು ಮಾಡಿಕೊಂಡರು.

ಇಷ್ಟೆಲ್ಲ ಧೈರ್ಯ ತೋರಿಸಿದವಳಿಗೆ ಹೆದರಿಕೆ ಇರಲಿಲ್ಲವೇ ಎಂದರೆ, ಇತ್ತು. ಹಬ್ಬ ಮುಗಿದ ಮರುದಿನ ಜೋರು ಮಳೆ ಹಿಡಿಯಿತು. ಮಾಳಿಗೆ ಎರಡು ಕಡೆ ಸೋರತೊಡಗಿತು. ಒಬ್ಬಳೇ ಪಾತ್ರೆ ಇಡುತ್ತಾ ನೀರು ಚೆಲ್ಲುತ್ತಾ ಒದ್ದೆಯಾದೆ, ಸಂಜೆಗೆ ಮೈ ಕೆಂಡವಾಯಿತು. ಗೋಡೆಗೊರಗಿ ಕೂತಾಗ ಮೊದಲ ಸಲ, ನಿಜವಿದ್ದರೆ ಏನು ಗತಿ ಅನ್ನಿಸಿತು. ಮೊದಲು ಕಂಡವಳ ಬೆನ್ನು ಹತ್ತುತ್ತದೆ ಅಂದಿದ್ದರಲ್ಲ. ಮುನ್ನೂರು ಜಾತಿ ಎಂದು ಪಾಠ ಹೇಳಿದವಳು ಆ ಒಂದು ಬೆಳವವನ್ನು ನೋಡಿ ನಡುಗಿದೆ. ಅದು ತನ್ನ ತತ್ತಿಗಳ ಮೇಲೆ ಮೈ ಇನ್ನಷ್ಟು ಹರಡಿಕೊಂಡು, ನನ್ನಷ್ಟೇ ಹೆದರಿ ಕೂತಿತ್ತು.

ಹೊರಗಿನಿಂದ ಇವರು ಊಟಕ್ಕೆ ಕೂಗಿದರಂತೆ. ನನಗೆ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಹೊಸ್ತಿಲು ದಾಟಿದ್ದರು. ಅವರು ಒಳಗೆ ಬಂದದ್ದು ಧೈರ್ಯದಿಂದಲ್ಲ, ಗಾಬರಿಯಿಂದ. ನನಗೆ ಅಷ್ಟು ಸಾಕಾಗಿತ್ತು. ಚಾಚಾ ಡಾಕ್ಟರ ಹತ್ತಿರ ಹೋಗಿ ಗುಳಿಗೆ ತಂದುಕೊಟ್ಟರು. ನೋಡಿದಾಕಿಗೆ ಹತ್ತಿತು ನೋಡ್ರಿ ಎಂದು ಓಣಿಯಲ್ಲಿ ಗುಲ್ಲಾಯಿತು. ಮೂರನೇ ದಿನ ಜ್ವರ ಬಿಟ್ಟಿತು. ಅಷ್ಟರಲ್ಲಿ ಮೀಟರ್ ಪೆಟ್ಟಿಗೆಯ ಮೇಲೆ ತತ್ತಿ ಒಡೆದು ಎರಡು ಮರಿ ಹೊರಗೆ ಬಂದಿದ್ದವು. ಮೈತುಂಬ ಹಳದಿ ಕೂದಲು, ಮುಚ್ಚಿದ ಕಣ್ಣು, ಅಷ್ಟು ಕುರೂಪಿ ಮರಿಗಳನ್ನು ನಾನು ಕಂಡಿರಲಿಲ್ಲ. ನೋಡಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಜ್ವರದ ಸುದ್ದಿ ದೊಡವಾಡಕ್ಕೂ ಮುಟ್ಟಿತ್ತು. ಮರುದಿನ ಮುಂಜಾನೆಯ ಬಸ್ಸಿಗೇ ಅತ್ತೆ ಬಂದರು. ನೇರವಾಗಿ ಕಟ್ಟೆಗೆ ಬಂದು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಜ್ವರಾ ಬಂದಿತ್ತಂತ?"

"ಬಂದಿತ್ರಿ. ಹೋತು."

"ಹೋಗದಿದ್ರ?"

"ಹೋತಲ್ಲರಿ ಅತ್ತಿ."

ಅವರು ತಲೆಯೆತ್ತಿ ಸೂರಿನ ಕಡೆ ನೋಡಿದರು. ಮಾಳಿಗೆ ಸೋರಿತೇ ಎಂದು ಕೇಳಿದರು. ಎಲ್ಲೆಲ್ಲಿ ಎಂದು ಹೇಳಿದೆ. ಆಮೇಲೆ, "ಆ ನಿನ್ನ ವಹಿ ತಾ ಇಲ್ಲೆ. ಅದರಾಗ ಏನೈತಿ ಅಂತ ನೋಡೇಬಿಡತೇನಿ. ಏನ ಓದಿ ನಿನಗ ಇಷ್ಟು ಸೊಕ್ಕು ಬಂತು," ಅಂದರು.

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಚಿತ್ರ ನೋಡುತ್ತಾ ಹೋದರು. ತುರಾಯಿಯ ನೀಲಿ ಹಕ್ಕಿಯ ಮೇಲೆ ಬೆರಳಿಟ್ಟು ಇದು ಎಲ್ಲಿಯದು ಎಂದರು. ಸಮುದ್ರದಾಚೆಯ ಒಂದು ದೊಡ್ಡ ನಡುಗಡ್ಡೆಯದು ಅಂದೆ. ಹೊಳೆಯುವ ಹಸಿರು ಗರಿಯ ಇನ್ನೊಂದು ನಮ್ಮ ದೇಶದ ನಿಕೋಬಾರಿನದು ಎಂದಾಗ, ಇಂಥಾದ್ದೂ ನಮ್ಮಲ್ಲಿ ಐತೇನು ಎಂದರು. ತಾಯಿ, ತಂದೆ ಇಬ್ಬರೂ ಗಂಟಲಿನಿಂದ ಹಾಲಿನಂಥದ್ದು ತೆಗೆದು ಮರಿಗೆ ಕುಡಿಸುತ್ತವೆ ಎಂದು ಹೇಳಿದೆ. "ಗಂಡೂ?" ಎಂದು ಕೇಳಿ, ಬಾಗಿಲಲ್ಲಿ ನಿಂತಿದ್ದ ಮಗನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಮಗ ಹೊಸ್ತಿಲಿನ ಒಳಗೆ ನಿಂತದ್ದನ್ನೂ ಕಂಡರು, ಪುಟ ತಿರುವಿದರು.

ಕಡೆಯ ಎರಡು ಪುಟಗಳಿಗೆ ನಾನು ಬಣ್ಣ ಹಾಕಿರಲಿಲ್ಲ. "ಇವು ಯಾಕ ಹಿಂಗ ಬರೇ ಗೆರಿ?"

"ಇವು ಈಗ ಇಲ್ಲರಿ ಅತ್ತಿ. ಈ ದಪ್ಪಂದು ಹಾರಾಕ ಬರತಿರಲಿಲ್ಲ. ಒಂದು ಸಣ್ಣ ನಡುಗಡ್ಡಿಯಾಗ ಇತ್ತು. ಅಲ್ಲಿ ಹಡಗಿನಾಗ ಮನುಷ್ಯಾರು ಬಂದ್ರು, ಮುಗದಹೋತು. ಇನ್ನೊಂದು ಅಮೆರಿಕಾದ್ದು. ಹಿಂಡು ಹಾರಿದ್ರ ಸೂರ್ಯಾ ಮುಚ್ಚತಿದ್ದನಂತ. ಎಲ್ಲಾ ಹೊಡದು ತಿಂದ್ರು, ಒಂದೂ ಉಳೀಲಿಲ್ಲ."

ಅತ್ತೆ ಆ ಪುಟವನ್ನು ಬಹಳ ಹೊತ್ತು ಹಿಡಿದು ಕೂತರು.

"ಬೆಳವ ಹೊಕ್ಕರ ಮನುಷ್ಯಾರ ಮನಿ ಹಾಳಂತ ನಮ್ಮವ್ವ ಹೇಳತಿದ್ಲು," ಅಂದರು. "ಇಲ್ಲಿ ನೋಡಿದ್ರ ಮನುಷ್ಯಾ ಹೊಕ್ಕು ಇವುಗಳ ಮನಿ ಹಾಳಾಗೇತಿ."

ವಹಿ ಮಡಚಿ ನನ್ನ ಕೈಗೆ ಕೊಟ್ಟರು. ಮೊಣಕಾಲು ಹಿಡಿದುಕೊಂಡು ಎದ್ದು, ಸೆರಗು ಸಿಕ್ಕಿಸಿಕೊಂಡು, ಹೊಸ್ತಿಲು ದಾಟಿ ಒಳಗೆ ಬಂದರು. ಮೀಟರ್ ಪೆಟ್ಟಿಗೆಯ ಕಡೆ ನೋಡಲಿಲ್ಲ. "ಒಲಿ ಮ್ಯಾಲೆ ಏನಿಟ್ಟೀ? ಹೊತ್ತಿದ ವಾಸನಿ ಬರಾಕತ್ತೈತಿ," ಎಂದು ಅಡಿಗೆಮನೆಗೆ ಹೋದರು.

ಇದರಿಂದ ಅವರ ನಂಬಿಕೆಯೆಲ್ಲ ಹೋಯಿತು ಎಂದು ತಿಳಿಯಬೇಡಿ. ಆ ವಾರವೇ ಅಯ್ಯನವರನ್ನು ಕರೆಸಿ ಶಾಂತಿ ಮಾಡಿಸಿದರು, ಅವರ ಕಾಲಿಗೆ ನನ್ನನ್ನು ಅಡ್ಡ ಬೀಳಿಸಿದರು. ಪಂಚಾಂಗದ ಮಾತಿಗಾಗಿ ನಾನು ಬಿದ್ದೆ, ಬೆಳವದ ಮಾತಿಗಾಗಿ ಬೀಳಲಿಲ್ಲ. ಹಿಕ್ಕೆ ಬೀಳುತ್ತದೆ ಎಂದು ಹಕ್ಕಿಗೆ ದಿನಾ ಬೈಯುತ್ತಿದ್ದರು. ಬೈಯುತ್ತಲೇ ಒಂದು ಹಳೆಯ ಮೊರವನ್ನು ಗೂಡಿನ ಕೆಳಗೆ ಹಗ್ಗದಿಂದ ಕಟ್ಟಿದರು. ಎರಡೂ ಮರಿ ಹಾರಿ ಹೋದ ದಿನ ನಾನು ಟ್ರಂಕಿನಿಂದ ಅಣ್ಣ ತಂದ ಸೀರೆ ತೆಗೆದು ಉಟ್ಟುಕೊಂಡು, ಒಬ್ಬಳೇ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಜೋಕಾಲಿ ಬಿಚ್ಚಿದ್ದರು. ಕಾಶವ್ವ ಬಂದು ಎಲ್ಲ ಕೇಳಿದಳು. ಕೇಳಿ, "ನನಗ ಆಗ ಯಾರೂ ಹೇಳಲಿಲ್ಲಲ್ಲ ಗಿರಿಜಾ, ಕುಂತಬಿಡಬಹುದು ಅಂತ," ಎಂದಳು. ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

೨೦೦೪ರಲ್ಲಿ ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿದೆವು. ಬೆಳಕಿಂಡಿ ಎಲ್ಲಿ ಬಿಡಬೇಕು ಎಂದು ಅತ್ತೆ ಗೌಂಡಿಯನ್ನು ಕೇಳಿದರು. ಸ್ಲ್ಯಾಬಿನ ಮನೆಗೆ ಈಗ ಯಾರೂ ಬೆಳಕಿಂಡಿ ಬಿಡುವುದಿಲ್ಲ, ಟ್ಯೂಬ್‌ಲೈಟ್ ಹಾಕಿದರಾಯಿತು ಎಂದ ಅವನು.

"ಬಿಡಪಾ ಒಂದು," ಅಂದರು ಅತ್ತೆ. "ಇಲ್ಲಂದ್ರ ಸೊಸಿ ಮತ್ತ ಕೆಳಗ ಕುಂತಬಿಡತಾಳ."

ಆ ಬೆಳಕಿಂಡಿಯಿಂದ ಈಗಲೂ ವರ್ಷಕ್ಕೆರಡು ಸಲ ಬೆಳವ ಬರುತ್ತವೆ. ಹೊಸದಾಗಿ ಓಣಿಗೆ ಬಂದವರು ಗೂಡು ನೋಡಿ ಗಾಬರಿಯಾಗಿ, ಇದನ್ನು ಮೊದಲು ಕಂಡವರು ಮನೆ ಬಿಡಬೇಕಂತೆ, ನಿಮಗೆ ಗೊತ್ತಿಲ್ಲವೇ ಎಂದು ಕೇಳುತ್ತಾರೆ. ಗೊತ್ತಿದೆ. ಮೊದಲು ಕಂಡವಳು ನಾನೇ. ಇನ್ನೂ ಇಲ್ಲೇ ಇದ್ದೇನೆ.